ಮೇಷ್ಟ್ರ ಎಡಗಾಲು

ಮೇಣದ ವಸಡಿನಲ್ಲಿ ಕೊನೆಯ ದವಡೆಹಲ್ಲನ್ನು ಒತ್ತಿ ಕೂರಿಸಿದ ಮೇಲೆ ಅವಳಿಗೆ ಗೊತ್ತಾಯಿತು, ಎಡಕ್ಕೆ ಹೋಗಬೇಕಾದದ್ದನ್ನೆಲ್ಲ ಬಲಕ್ಕೆ ಕೂರಿಸಿಬಿಟ್ಟಿದ್ದೇನೆ ಎಂದು. ಇಪ್ಪತ್ತೆಂಟು ವರ್ಷ ಇದೇ ಕಿಟಕಿಯ ಪಕ್ಕ, ಇದೇ ಎತ್ತರದ ಸ್ಟೂಲಿನ ಮೇಲೆ ಕೂತು ಊರಿನವರಿಗೆಲ್ಲ ಹಲ್ಲುಸೆಟ್ಟು ಮಾಡಿಕೊಟ್ಟವಳು. ಕಣ್ಣುಮುಚ್ಚಿ ಮಾಡುವ ಕೆಲಸ. ಥೂ ಎಂದುಕೊಂಡು ಸ್ಪಿರಿಟ್ ದೀಪ ಹಚ್ಚಿ, ಚಾಕುವಿನ ಮೊನೆ ಕಾಯಿಸಿ, ಒಂದೊಂದೇ ಹಲ್ಲನ್ನು ಮೇಣದಿಂದ ಬಿಡಿಸಿ ತಟ್ಟೆಗೆ ಹಾಕತೊಡಗಿದಳು. ಮುಂದಿನ ಕೋಣೆಯಲ್ಲಿ ಹಲ್ಲಿನ ಡಾಕ್ಟರು ಯಾರಿಗೋ ‘ಬಾಯಿ ತೆಗೀರಿ, ಇನ್ನೂ ದೊಡ್ಡದಾಗಿ, ಇನ್ನೂ’ ಎಂದು ಗದರಿಸುತ್ತಿದ್ದರು. ನಾಲ್ಕು ಗಂಟೆಗೆ ಕುದುರೆ ಡಾಕ್ಟರಮ್ಮ ಲಾಯಕ್ಕೆ ಬರುತ್ತಾರೆ. ಅಷ್ಟರೊಳಗೆ ಅವಳು ಒಂದು ತೀರ್ಮಾನಕ್ಕೆ ಬಂದಿರಬೇಕು. ತೀರ್ಮಾನ ಎಂಬ ಮಾತನ್ನು ಎಲ್ಲರೂ ಎಷ್ಟು ಸಲೀಸಾಗಿ ಆಡುತ್ತಾರೆ, ಸಂತೆಗೆ ಹೋದವರು ಸೊಪ್ಪು ಆರಿಸಿದ ಹಾಗೆ. ತಟ್ಟೆಯಲ್ಲಿ ಹದಿನಾಲ್ಕು ಹಲ್ಲು ಬಿದ್ದಿದ್ದವು. ಮೊದಲಿಂದ ಶುರುಮಾಡಬೇಕು.

ಊರಾಚೆಯ ಲಾಯದಲ್ಲಿ ಅವಳದು ಎಂದಿರುವುದು ಎರಡೇ ಖಾನೆ. ಒಂದರಲ್ಲಿ ಇಪ್ಪತ್ತಾರು ವರ್ಷದ ಮೇಷ್ಟ್ರು, ಇನ್ನೊಂದರಲ್ಲಿ ಇಪ್ಪತ್ತೊಂದರ ಸೊಟ್ಟಿ. ಸೊಟ್ಟಿಯ ಹಣೆಯ ಬಿಳಿ ಪಟ್ಟೆ ಸೊಟ್ಟಗಿದೆ, ಅದಕ್ಕೆ ಆ ಹೆಸರು. ಉಬ್ಬಸ ಹಿಡಿದು ಎರಡು ವರ್ಷವಾಯಿತು, ಒಣಹುಲ್ಲನ್ನು ನೀರಿನಲ್ಲಿ ಅದ್ದಿ ಕೊಡಬೇಕು, ಅದರ ಮೇಲೆ ಹತ್ತುವ ಮಾತೇ ಇಲ್ಲ. ಮೇಷ್ಟ್ರದು ಬೇರೆ ಕಥೆ. ಹತ್ತೊಂಬತ್ತು ವರ್ಷದ ಹಿಂದೆ ಅವಳಿಗೆ ಸವಾರಿ ಕಲಿಸಿದ್ದೇ ಆ ಗಂಡುಕುದುರೆ. ಲಾಯದ ಯಜಮಾನರು ಬೇಲಿಯಾಚೆ ನಿಂತು ಬರೀ ಕೂಗುತ್ತಿದ್ದರು. ಅವಳು ತಪ್ಪು ಮಾಡಿದಾಗ ಸುಮ್ಮನೆ ನಿಂತುಬಿಟ್ಟು, ಸರಿಮಾಡಿದಾಗ ಮುಂದೆ ಹೋಗಿ, ತಿದ್ದಿದ್ದು ಅದು. ಹಾಗಾಗಿ ಲಾಯದಲ್ಲಿ ಆ ಒಂದು ಕುದುರೆಗೆ ಮಾತ್ರ ಎಲ್ಲರೂ ಬಹುವಚನ ಕೊಡುತ್ತಾರೆ. ‘ಮೇಷ್ಟ್ರು ತಿಂದ್ರಾ?’ ‘ಇಲ್ಲ, ಬೆಳಗ್ಗೆಯಿಂದ ಮುನಿಸ್ಕೊಂಡಿದಾರೆ.’ ಈಗ ಮೇಷ್ಟ್ರ ಬಾಯಲ್ಲಿ ದವಡೆಹಲ್ಲು ಹೆಚ್ಚೇನೂ ಉಳಿದಿಲ್ಲ. ಅಗಿದ ಹುಲ್ಲನ್ನು ನುಂಗಲಾರದೆ ಉಂಡೆಯುಂಡೆಯಾಗಿ ಉಗುಳುತ್ತಾರೆ, ಬೂಸಾ ನೆನೆಸಿ ಗಂಜಿಯಂತೆ ಕೊಡಬೇಕು. ಎಡ ಮುಂಗಾಲು ಕುಂಟು. ಎರಡು ತಿಂಗಳ ಹಿಂದೆ ಡಾಕ್ಟರಮ್ಮ, ಇನ್ನು ಇವರ ಬೆನ್ನ ಮೇಲೆ ಯಾರೂ ಕೂರಕೂಡದು ಎಂದು ಹೇಳಿ ಹೋಗಿದ್ದರು. ಅಲ್ಲಿಂದೀಚೆಗೆ ಅವಳು ಕುದುರೆ ಹತ್ತಿಲ್ಲ. ಅರವತ್ತೊಂದು ದಿನ, ಬೇಡವೆಂದರೂ ಲೆಕ್ಕ ಸಿಗುತ್ತದೆ.

ಹೋದ ವಾರ ಆರು ವರ್ಷದ ಹೆಣ್ಣುಕುದುರೆಯೊಂದು ಲಾಯಕ್ಕೆ ಬಂತು. ಹನ್ನೆರಡು ಖಾನೆಯೂ ಭರ್ತಿ, ಅದನ್ನು ಹುಲ್ಲಿನ ಬಣವೆಯ ಪಕ್ಕ ತಗಡಿನ ಮಾಡಿನಡಿ ಕಟ್ಟಿದ್ದಾರೆ. ‘ಶನಿವಾರ ಸಂಜೆ ತನಕ ನಿಂಗೋಸ್ಕರ ತಡೆದಿರ್ತೀನಿ ಕಣಮ್ಮ,’ ಎಂದರು ಯಜಮಾನರು ಫೋನಿನಲ್ಲಿ. ‘ಆಮೇಲೆ ಇನ್ನೊಬ್ರು ಕಾದು ಕೂತಿದಾರೆ. ಒಂದು ಖಾನೆ ಖಾಲಿಯಾಗ್ಬೇಕು, ಅಷ್ಟೆ.’ ಅಷ್ಟೆ! ಖಾನೆ ಖಾಲಿಯಾಗುವುದು ಅಂದರೇನು ಎಂದು ಅವರೂ ಬಾಯಿಬಿಡಲಿಲ್ಲ, ಅವಳೂ ಕೇಳಲಿಲ್ಲ. ಇವತ್ತು ಶನಿವಾರ.

ಅವಳೇನು ಪ್ರಯತ್ನ ಮಾಡಿಲ್ಲವೆಂದಲ್ಲ. ಬೆಟ್ಟದ ಬುಡದಲ್ಲಿ ಮುದಿ ಕುದುರೆಗಳನ್ನು ಮಂದೆಯಾಗಿ ಬಿಟ್ಟು ಸಾಕುವ ಜಾಗವೊಂದಿದೆ ಎಂದು ಕೇಳಿ ಫೋನು ಮಾಡಿದ್ದಳು. ಆಚೆಯ ಹೆಂಗಸು ಒಳ್ಳೆಯವಳೇ. ಮೊದಲು ಕೇಳಿದ್ದು, ‘ಹಲ್ಲಿದೆಯಾ?’ ಎಂದು. ಇವಳು ಇಲ್ಲ ಎಂದಳು. ‘ಹಾಗಾದ್ರೆ ಆಗಲ್ಲಮ್ಮ, ಇಲ್ಲಿ ಕಿತ್ತು ತಿನ್ಬೇಕು. ಹೊತ್ತುಹೊತ್ತಿಗೆ ನೆನೆಸಿ ಕೊಡೋರು ಯಾರಿದಾರೆ?’ ಫೋನಿಟ್ಟ ಮೇಲೆ ಎದುರಿನ ಕಪಾಟಿನ ತುಂಬ ಸಾಲುಸಾಲು ಹಲ್ಲು ಕಿಸಿಯುತ್ತಿದ್ದವು, ಅವಳಿಗೆ ನಗು ಬಂದಿತ್ತು. ಸೊಟ್ಟಿಯನ್ನು ಕಳಿಸೋಣವೆಂದರೆ ಉಬ್ಬಸ, ಬಯಲಿನ ಧೂಳಿಗೆ ವಾರವೂ ಬಾಳದು. ಇನ್ನು ಮುದಿ ಕುದುರೆಯನ್ನು ಬಿಟ್ಟಿಯಾಗಿ ಕೊಡಿ, ಸಾಕಿಕೊಳ್ಳುತ್ತೇವೆ ಎಂದು ನಗುನಗುತ್ತ ಬರುವವರು ಯಾಕೆ ಬರುತ್ತಾರೆ ಎಂಬುದು ಲಾಯದಲ್ಲಿ ಕಸ ಗುಡಿಸುವವರಿಗೂ ಗೊತ್ತು. ಅಂಥವರ ಲಾರಿ ಹತ್ತಿಸುವುದಕ್ಕಿಂತ ಒಂದು ಇಂಜೆಕ್ಷನ್ನೇ ಮರ್ಯಾದೆ. ಹೀಗೆ ಯೋಚಿಸಿದಾಗಲೆಲ್ಲ ತಾನು ಮೇಷ್ಟ್ರ ಒಳಿತನ್ನೇ ಯೋಚಿಸುತ್ತಿದ್ದೇನೆ ಎಂಬ ನೆಮ್ಮದಿಯೊಂದು ಬಂದು ಎದೆಯಲ್ಲಿ ಕೂರುತ್ತಿತ್ತು, ಕೂತಷ್ಟೇ ಬೇಗ ಎದ್ದೂ ಹೋಗುತ್ತಿತ್ತು. ಡಾಕ್ಟರಮ್ಮ ಬೇರೆ ಫೋನಿನಲ್ಲಿ, ‘ಈ ವಯಸ್ಸಿಗೆ ಇರ್ಲಿ ಅಂತಾನೂ ಹೇಳ್ಬಹುದು ಆಂಟಿ, ಸಾಕು ಅಂತಾನೂ ಹೇಳ್ಬಹುದು. ನೋಡಿ ಹೇಳ್ತೀನಿ,’ ಎಂದಿದ್ದರು. ಆಂಟಿಯಂತೆ. ಮಗಳ ವಯಸ್ಸಿನವರು, ಇನ್ನೇನು ಅಂದಾರು.

ಬೆಳಿಗ್ಗೆ ಗಂಡ ಕನ್ನಡಿಯೆದುರು ಮುಖಕ್ಕೆ ನೊರೆ ಬಳಿದುಕೊಳ್ಳುತ್ತ, ‘ನೋಡೇ, ಕುದುರೆ ಮುದಿಯಾದ್ರೆ ನೀನು ಡಾಕ್ಟರನ್ನ ಕರೆಸ್ತೀಯ. ನಂಗೀಗ ಅರವತ್ತೆರಡು. ನನ್ನ ಸರದಿ ಬಂದಾಗ ಮೊದ್ಲೇ ಹೇಳಿಬಿಡು, ಸ್ನಾನ ಮಾಡಿ ರೆಡಿಯಾಗಿರ್ತೀನಿ,’ ಎಂದಿದ್ದ. ‘ನಿಮಗ್ಯಾಕ್ರೀ ಡಾಕ್ಟ್ರು, ನಿಮಗೆ ನಾನೊಬ್ಬಳೇ ಸಾಕು,’ ಎಂದು ಅವಳೂ ಪಟ್ಟನೆ ಅಂದಿದ್ದಳು. ಇಬ್ಬರೂ ನಕ್ಕರು. ಆಮೇಲೆ ಅವನು ಬ್ಲೇಡು ತೊಳೆಯುತ್ತ, ಅವಳ ಕಡೆ ನೋಡದೆ, ‘ತಮಾಷೆ ಅಲ್ಲ ಕಣೇ. ಎರಡೂ ಇರ್ಲಿ ಬಿಡು ಅವುಗಳ ಪಾಡಿಗೆ. ವಾರಕ್ಕೆರಡು ಸಲ ಹೋಗು, ಮೈ ಸವರು, ಬಾ. ಹತ್ತಲೇಬೇಕು ಅಂತ ಏನಿದೆ?’ ಎಂದ. ಅವಳ ಸೊಂಟದ ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು, ಕುದುರೆ ಹತ್ತುವುದು ಇನ್ನೈದು ವರ್ಷ, ಹೆಚ್ಚೆಂದರೆ ಆರು ಎಂದಿದ್ದಾರೆ. ಆ ಐದು ವರ್ಷ ತನ್ನದು, ಯಾರಿಗೂ ಬಿಟ್ಟುಕೊಡುವುದಿಲ್ಲ ಎಂದು ಅವಳಿಗೆ ಅನಿಸುವುದಿದೆ. ಅನಿಸಿದಾಗ ಮೈ ಬಿಸಿಯಾಗುತ್ತದೆ, ನಾಚಿಕೆಯೂ ಆಗುತ್ತದೆ. ಐವತ್ತನಾಲ್ಕರ ಹೆಂಗಸಿಗೆ ಈ ಪಾಟಿ ಆಸೆಯೇ? ಬಸ್ಸಿನಲ್ಲಿ ಹೆಗಲು ಕುಗ್ಗಿಸಿ ಕೂರುವವಳು, ಮನೆಗೆ ಬಂದವರಿಗೆ ಕುರ್ಚಿ ಬಿಟ್ಟುಕೊಟ್ಟು ಬಾಗಿಲಿಗೊರಗಿ ನಿಲ್ಲುವವಳು, ಡಾಕ್ಟರು ಬೈದರೆ ಸರಿ ಸಾರ್ ಎನ್ನುವವಳು ಅವಳು. ಜೀನಿನ ಮೇಲೆ ಕೂತಾಗ ಮಾತ್ರ, ಅವಳು ಬೆರಳಿನಷ್ಟು ಕೇಳಿದ್ದನ್ನು ಅಷ್ಟು ದೊಡ್ಡ ಪ್ರಾಣಿಯೊಂದು ಪೂರ್ತಿ ಕೇಳಿಸಿಕೊಳ್ಳುತ್ತಿತ್ತು. ಇದನ್ನು ಗಂಡನಿಗೆ ಹೇಳುವುದು ಹೇಗೆ? ಹೇಳಿದರೆ, ನಾನು ಕೇಳಿಸ್ಕೊಳ್ಳಲ್ವಾ ಅನ್ನುತ್ತಾನೆ.

ಎರಡು ಗಂಟೆಗೆ ಹಲ್ಲುಗಳನ್ನು ಸರಿಯಾಗಿ ಕೂರಿಸಿ, ಅಂಗಿಗೆ ಅಂಟಿದ ಪ್ಲಾಸ್ಟರ್ ಪುಡಿ ಕೊಡವಿಕೊಂಡು ಹೊರಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎರಡು ತಿಂಗಳ ಹಿಂದೆ ಬಂದಾಗ ಡಾಕ್ಟರಮ್ಮ ಮೇಷ್ಟ್ರ ಗೊರಸನ್ನು ಮಡಿಲಲ್ಲಿಟ್ಟುಕೊಂಡು, ತಲೆಯೆತ್ತದೆ, ‘ಕುಂಟ್ತಿರೋದು ಯಾವಾಗಿಂದ ಆಂಟಿ?’ ಎಂದು ಕೇಳಿದ್ದರು. ‘ಹೋದ ವಾರದಿಂದ,’ ಎಂದಿದ್ದಳು. ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ಅವಳಿಗೇ ನಂಬಿಕೆಯಾಯಿತು. ಸುಳ್ಳೇ ಅದು? ಎದ್ದು ಕಾಣುವ ಹಾಗೆ ಕುಂಟಿದ್ದು ಹೋದ ವಾರದಿಂದಲೇ. ಅದಕ್ಕೂ ಮೊದಲು ಬರೀ ಒಂದು ಬಿಗಿ, ಮೊದಲ ಹತ್ತು ನಿಮಿಷ ಇದ್ದು ಆಮೇಲೆ ಬಿಟ್ಟುಹೋಗುವ ಬಿಗಿ. ಎದ್ದ ಕೂಡಲೇ ತನ್ನ ಸೊಂಟಕ್ಕೂ ಹಾಗೇ ಆಗುತ್ತದೆ, ಅದಕ್ಕೆಲ್ಲ ಕುಂಟು ಎನ್ನುತ್ತಾರೆಯೇ? ಕಂಡಕ್ಟರು ಎರಡು ಸಲ ಕರೆದ ಮೇಲೆ ತನ್ನ ನಿಲ್ದಾಣ ಬಂತೆಂದು ಗೊತ್ತಾಗಿ ಗಡಿಬಿಡಿಯಲ್ಲಿ ಇಳಿದಳು.

ಲಾಯದಲ್ಲಿ ಯಜಮಾನರು ಆಗಲೇ ಹೊಸ ಕುದುರೆಗೆ ಜೀನು ಬಿಗಿದು ನಿಲ್ಲಿಸಿಕೊಂಡಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಮುರಿದು ಕೂಡಿದ ಹೆಗಲೊಂದು ಇನ್ನೊಂದಕ್ಕಿಂತ ತಗ್ಗು. ‘ಡಾಕ್ಟರಮ್ಮ ಬರೋಕೆ ಇನ್ನೂ ಟೈಮಿದೆ. ಒಂದು ಸುತ್ತು ಹತ್ತಿ ನೋಡಮ್ಮ. ಹತ್ತದೇನೆ ಹೇಗೆ ಹೇಳ್ತೀಯ?’ ಎಂದರು. ಅವಳು ಮೇಷ್ಟ್ರ ಖಾನೆಯ ಕಡೆ ನೋಡಲಿಲ್ಲ. ನೋಡದಿದ್ದರೂ ಅಲ್ಲಿಂದ ಮೂಗು ಸೀಟಿದ ಸದ್ದು ಬಂತು, ಅವಳು ಬಂದದ್ದು ತಿಳಿದಿತ್ತು. ಅದರ ಪಕ್ಕದಲ್ಲಿ ಸೊಟ್ಟಿ ಎರಡು ಸಲ ಕೆಮ್ಮಿತು. ಯಜಮಾನರು ಕೈಯೊಡ್ಡಿದರು, ಅವಳು ಅವರ ಅಂಗೈ ಮೇಲೆ ಮೊಣಕಾಲಿಟ್ಟು ಮೇಲೇರಿ ಕೂತಳು.

ದೇವರೇ! ಅರವತ್ತೊಂದು ದಿನ ಆದಮೇಲೆ ನೆಲ ಮತ್ತೆ ಅಷ್ಟು ಕೆಳಗೆ ಇಳಿಯಿತು. ಹೆಣ್ಣುಕುದುರೆ ಹೊಸ ರೇಷ್ಮೆಯಂತೆ ಜಾರುತ್ತಿತ್ತು, ಹೆಜ್ಜೆಹೆಜ್ಜೆಗೂ ಮುಂದಕ್ಕೆ ಹೋಗಲೇ, ಹೋಗಲೇ ಎಂದು ಕೇಳುತ್ತಿತ್ತು. ಮರಳಿನ ಅಂಗಳದ ಉದ್ದಕ್ಕೂ ಅವಳು ಕುಕ್ಕುಲೋಟದಲ್ಲಿ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು, ಗಾಳಿಗೆ ಕಣ್ಣಲ್ಲಿ ನೀರು ಬಂತು, ಸೊಂಟ ಎಂಬುದೊಂದು ಇತ್ತೆಂಬುದೇ ಮರೆತುಹೋಯಿತು. ಬೇಕು ಎಂದುಕೊಂಡಳು. ಏನಾದರೂ ಆಗಲಿ, ಇದು ನನಗೆ ಬೇಕು. ಇಷ್ಟು ಚೊಕ್ಕವಾಗಿ ಏನನ್ನೂ ಬೇಕೆಂದು ಅವಳು ಎಷ್ಟೋ ವರ್ಷದಿಂದ ಅಂದುಕೊಂಡಿರಲಿಲ್ಲ. ಆದರೆ ಕುದುರೆ ಯಾಕೋ ನೇರ ಹೋಗುತ್ತಿರಲಿಲ್ಲ. ನಡುವಿನ ಗೆರೆ ಹಿಡಿದು ಹೊರಟರೆ ಸ್ವಲ್ಪ ಸ್ವಲ್ಪವೇ ಬಲಕ್ಕೆ ಸರಿದು ಬೇಲಿ ಮುಟ್ಟುತ್ತಿತ್ತು. ಲಗಾಮು ಎಡಕ್ಕೆ ಹಿಡಿದಳು, ಆಗಲಿಲ್ಲ. ಕಾಲು ಒತ್ತಿದಳು, ಕಿವಿ ಹಿಂದಕ್ಕೆ ಮಡಚಿ ಗೊಂದಲಗೊಂಡಿತು. ಹೊಸದು, ಇನ್ನೂ ಪಳಗಿಲ್ಲ ಎಂದುಕೊಂಡಳು.

‘ಕುದುರೆ ಅಲ್ಲಮ್ಮ, ನೀನು!’ ಎಂದು ಯಜಮಾನರು ಬೇಲಿಯಾಚೆಯಿಂದ ಕೂಗಿದರು. ‘ನೀನು ಬಲಕ್ಕೆ ವಾಲ್ಕೊಂಡು ಕೂತಿದೀಯ. ಪಾಪ, ನಿನ್ನ ಭಾರ ಎಲ್ಲಿದೆಯೋ ಅಲ್ಲಿಗೆ ಅದು ಬರ್ತಿದೆ.’

‘ಇಲ್ವಲ್ಲ, ನೇರ ಕೂತಿದೀನಿ.’

‘ಎಲ್ಲಿ ನೇರ? ನಿಲ್ಸು, ನಿಲ್ಸು.’ ಹತ್ತಿರ ಬಂದು ಅವಳ ಎರಡೂ ಮೊಣಕಾಲಿಗೆ ಕೈಯಿಟ್ಟು ನೋಡಿದರು. ಬಲಗಾಲು ಎಡದ್ದಕ್ಕಿಂತ ಎರಡು ಬೆರಳು ಕೆಳಗಿತ್ತು, ಕಾಲಿಡುವ ಬಲ ರಿಕಾಪಿನ ಮೇಲೆ ಅವಳ ಭಾರವೆಲ್ಲ ಇತ್ತು. ‘ಇನ್ನೊಂದು ಸಲ ಓಡ್ಸು, ಮೆಲ್ಲಗೆ,’ ಎಂದರು. ಓಡಿಸಿದಳು. ಕುಕ್ಕುಲೋಟದಲ್ಲಿ ಸವಾರ ಒಂದು ಹೆಜ್ಜೆಗೆ ಏಳಬೇಕು, ಒಂದು ಹೆಜ್ಜೆಗೆ ಕೂರಬೇಕು. ಆಗಾಗ ಬದಲಿಸಿಕೊಂಡು ಎರಡು ಕಾಲಿಗೂ ಭಾರ ಹಂಚಬೇಕು. ಅವಳು ಅಂಗಳವನ್ನು ಎಡಕ್ಕೆ ಸುತ್ತಿದರೂ ಬಲಕ್ಕೆ ಸುತ್ತಿದರೂ ಕುದುರೆಯ ಎಡ ಮುಂಗಾಲು ನೆಲ ಮುಟ್ಟುವಾಗ ಮೇಲೆದ್ದಿರುತ್ತಿದ್ದಳು, ಬಲಗಾಲಿಗೇ ಕೂರುತ್ತಿದ್ದಳು. ಬದಲಿಸಲು ಹೋದರೆ ಮೈ ಒಪ್ಪಲಿಲ್ಲ, ಎರಡು ಹೆಜ್ಜೆಯಲ್ಲಿ ಹಳೆಯ ಜಾಗಕ್ಕೇ ಬಂದುಬಿಡುತ್ತಿತ್ತು. ಯಜಮಾನರು ಕೂಗುವುದನ್ನು ನಿಲ್ಲಿಸಿದ್ದರು. ಅವರು ಸುಮ್ಮನಾದದ್ದನ್ನು ಕೇಳಿಸಿಕೊಳ್ಳುತ್ತಲೇ ಅವಳಿಗೂ ಗೊತ್ತಾಯಿತು. ಮೇಷ್ಟ್ರ ಎಡಗಾಲಿಗೆ ಭಾರ ಬೀಳದ ಹಾಗೆ ಅವಳು ಕೂರಲು ಕಲಿತಿದ್ದಳು. ಒಂದು ವಾರದಲ್ಲಿ ಕಲಿಯುವಂಥದ್ದಲ್ಲ ಅದು. ತನಗೆ ಗೊತ್ತಿಲ್ಲವೆಂದು ತಾನು ಹೇಳಿಕೊಳ್ಳುತ್ತಿದ್ದಾಗೆಲ್ಲ ಸೊಂಟಕ್ಕೆ ಗೊತ್ತಿತ್ತು, ತೊಡೆಗೆ ಗೊತ್ತಿತ್ತು, ನೋವಾಗುತ್ತದೆಂದು ಗೊತ್ತಿದ್ದೇ ದಿನವೂ ಹತ್ತಿ, ನೋವು ತುಸು ಕಮ್ಮಿಯಾಗುವ ಹಾಗೆ ಕೂತಿದ್ದಳು.

‘ಎಷ್ಟು ವರ್ಷ ಆಯ್ತಮ್ಮ?’ ಎಂದರು ಯಜಮಾನರು, ಕುದುರೆಯ ಲಗಾಮು ಹಿಡಿದು.

‘ನಾಲ್ಕು.’

ಅವರು ಹೆಣ್ಣುಕುದುರೆಯ ಕತ್ತು ತಟ್ಟಿದರು. ‘ನಂಗೂ ಕಾಣ್ತಿತ್ತು ಕಣಮ್ಮ. ಹೇಳಿದ್ರೆ ನೀನು ಬರೋದೇ ಬಿಟ್ಬಿಡ್ತೀಯೇನೋ ಅಂತ ಸುಮ್ನಿದ್ದೆ. ಮೇಷ್ಟ್ರೂ ಸುಮ್ನಿದ್ರಲ್ಲ, ಅವರಿಗಿಲ್ಲದ್ದು ನಂಗ್ಯಾಕೆ ಅಂದ್ಕೊಂಡೆ.’ ಇದು ಸಮಾಧಾನವೋ ಬೈಗುಳವೋ ತಿಳಿಯಲಿಲ್ಲ. ಅವರ ಹೆಗಲು ಹಿಡಿದುಕೊಂಡು ಇಳಿದಳು.

ಡಾಕ್ಟರಮ್ಮ ಹೇಳಿದ ಸಮಯಕ್ಕೆ ಸರಿಯಾಗಿ ಬಂದರು, ಕಾರಿನಿಂದ ರಬ್ಬರ್ ಬೂಟು ತೆಗೆದು ಹಾಕಿಕೊಂಡರು. ಮೇಷ್ಟ್ರನ್ನು ಖಾನೆಯಿಂದ ಹೊರಗೆ ತಂದದ್ದು ಅವಳೇ. ಕಣ್ಣಿನ ಮೇಲೆ ಗುಳಿ ಬಿದ್ದಿದೆ, ಬೆನ್ನು ತಗ್ಗಿದೆ, ಆದರೂ ಹಗ್ಗ ನೋಡಿದ ಕೂಡಲೇ ತಾವಾಗಿಯೇ ಮೂತಿ ತೂರಿಸಿದರು. ಡಾಕ್ಟರಮ್ಮ ಬಾಯಿಗೆ ಕೈಹಾಕಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಗೊರಸು ತಟ್ಟಿದರು, ಆಚೆಯಿಂದ ಈಚೆಗೆ ನಡೆಸಿ ಅಂದರು, ಓಡಿಸಿ ಅಂದರು. ಅವಳು ಹಗ್ಗ ಹಿಡಿದು ಜೊತೆಗೆ ಓಡಿದಳು. ಡಾಕ್ಟರಮ್ಮನ ಮುಖ ಅರಳಿತು.

‘ಆಂಟಿ, ಪರವಾಗಿಲ್ವೇ! ಕಾಲು ಎಷ್ಟೋ ಸುಧಾರಿಸಿದೆ. ಊತ ಇಳಿದಿದೆ. ಹೀಗೇ ಬಿಟ್ರೆ ಇನ್ನೂ ಮೂರು ವರ್ಷ ಆರಾಮಾಗಿರುತ್ತೆ ಇದು.’

ಅವಳು ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡಳು. ಮೂರು ವರ್ಷ. ಐದರಲ್ಲಿ ಮೂರು ಕಳೆದರೆ ಎರಡು, ಅದನ್ನೂ ಸೊಂಟ ಕೊಟ್ಟರೆ.

‘ಯಾಕಾಂಟಿ, ಖುಷಿಯಾಗ್ಲಿಲ್ವಾ?’ ಎಂದರು ಡಾಕ್ಟರಮ್ಮ. ಕೇಳಿದ ಮೇಲೆ ಅವರಿಗೇ ಏನೋ ಹೊಳೆದು, ತಗಡಿನ ಮಾಡಿನಡಿ ಜೀನು ಹೊತ್ತು ನಿಂತ ಹೆಣ್ಣುಕುದುರೆಯ ಕಡೆಗೊಮ್ಮೆ ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದರು. ಅವಳ ಕಿವಿ ಕಾದುಹೋಯಿತು. ಆ ನೋಟದಿಂದ ತಪ್ಪಿಸಿಕೊಳ್ಳಬೇಕೆಂದೇ ಮಾತು ಶುರುಮಾಡಿದಳೋ ಏನೋ, ‘ಹೋದ ವಾರದಿಂದ ಕುಂಟ್ತಿದೆ ಅಂದಿದ್ನಲ್ಲ ಡಾಕ್ಟ್ರೇ, ನಾನವತ್ತು ಸುಳ್ಳು ಹೇಳ್ದೆ,’ ಎಂದಳು. ‘ನಾಲ್ಕು ವರ್ಷದಿಂದ ನೋವು ತಿಂತಿದೆ. ನಾಲ್ಕು ವರ್ಷ! ಎಷ್ಟೂಂತ ತಡ್ಕೊಳ್ಳೋದು ಪಾಪ, ಇನ್ನು ಸಾಕಲ್ವಾ ಅದಕ್ಕೆ?’ ಇಡೀ ದಿನ ಎದೆಯಲ್ಲಿ ಕುಟುಕುತ್ತಿದ್ದ ಸತ್ಯ ಕೊನೆಗೂ ಹೊರಬಂದಿತ್ತು, ಬಂದದ್ದು ಮಾತ್ರ ಮೇಷ್ಟ್ರನ್ನು ಮುಗಿಸಲು ಒಂದು ನೆಪವಾಗಿ. ತಾನು ‘ಅದು’ ಎಂದದ್ದೂ ಅವಳಿಗೆ ಕೇಳಿಸಿತು.

‘ನಾಲ್ಕು ವರ್ಷ ಹತ್ತಿದ್ರಾ?’ ಡಾಕ್ಟರಮ್ಮ ಬೈಯಲಿಲ್ಲ. ‘ಹಾಗಾದ್ರೆ ಸರಿಯೇ ಇದೆ ಆಂಟಿ. ಹತ್ತೋದು ಬಿಟ್ಟಿದ್ದಕ್ಕೇ ಸುಧಾರಿಸಿರೋದು. ಈಗ ಅಂಥಾ ನೋವೇನಿಲ್ಲ.’ ಕೊಳವೆಯನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಮೆಲ್ಲಗೆ ಹೇಳಿದರು: ‘ಇಪ್ಪತ್ತಾರು ವರ್ಷ, ಹಲ್ಲಿಲ್ಲ. ನೀವು ಮಾಡಿ ಅಂದ್ರೆ ಮಾಡ್ತೀನಿ, ಯಾರೂ ತಪ್ಪು ಅನ್ನಲ್ಲ. ಆದ್ರೆ ಹೇಳೋದು ನೀವೇ ಹೇಳ್ಬೇಕು. ನೋವಿದೆ ಅಂತ ನನ್ನ ಕೈಲಿ ಹೇಳಿಸ್ಬೇಡಿ.’

ಯಜಮಾನರು ನೆಲ ನೋಡುತ್ತ ನಿಂತಿದ್ದರು. ಸೊಟ್ಟಿ ಬಾಗಿಲ ಮೇಲಿಂದ ಕತ್ತು ಹೊರಹಾಕಿತ್ತು. ಎಲ್ಲರೂ ಅವಳಿಗಾಗಿ ಕಾಯುತ್ತಿದ್ದರು, ಬದುಕಿನಲ್ಲಿ ಇಷ್ಟು ಜನ ಅವಳ ಮಾತಿಗೆ ಕಾದದ್ದೇ ಇಲ್ಲ. ದಣಿವಾಗಿತ್ತು, ನಿಂತಲ್ಲೇ ಕುಸಿದು ಕೂತುಬಿಡುವಷ್ಟು ದಣಿವು. ಬೇಡವೆಂದರೆ ನಾಳೆ ಬೆಳಿಗ್ಗೆ ಏಳಬೇಕು, ಬೂಸಾ ನೆನೆಸಬೇಕು, ಹುಲ್ಲು ಅದ್ದಬೇಕು, ಹೆಣ್ಣುಕುದುರೆಯನ್ನು ಬೇರೆ ಯಾರೋ ಹತ್ತಿ ಹೊರಟುಹೋಗುವುದನ್ನು ಬೇಲಿಗೊರಗಿ ನೋಡಬೇಕು. ‘ಮಾಡಿ,’ ಎಂದಳು.

ಆಮೇಲೆ ಸಾಗಿಸುವ ಲಾರಿಗೆ ದಾರಿಯಿದ್ದದ್ದು ಹಿಂದಿನ ಬಯಲಿಗೆ. ಇಂಥ ಕೆಲಸವೆಲ್ಲ ಅಲ್ಲೇ. ಡಾಕ್ಟರಮ್ಮ ಪೆಟ್ಟಿಗೆ ಹಿಡಿದು ಮುಂದೆ ನಡೆದರು, ಯಜಮಾನರು ಅವರ ಹಿಂದೆ. ಅವಳು ಮೇಷ್ಟ್ರ ಹಗ್ಗ ಹಿಡಿದು ಹೊರಟಳು. ಮರಳಿನ ಅಂಗಳದ ಮೂಲೆಯಲ್ಲಿ, ಎತ್ತರದ ಕುದುರೆ ಹತ್ತುವವರಿಗೆಂದು ಮೂರು ಮೆಟ್ಟಿಲಿನ ಒಂದು ಕಲ್ಲುಕಟ್ಟೆ ಇದೆ. ಅದರ ಹತ್ತಿರ ಬರುತ್ತಲೇ ಮೇಷ್ಟ್ರು ದಾರಿ ಬಿಟ್ಟು ಪಕ್ಕಕ್ಕೆ ಹೊರಳಿದರು. ಕಟ್ಟೆಗೆ ಮೈ ತಾಗಿಸಿ, ನಾಲ್ಕೂ ಕಾಲು ಸಮವಾಗಿ ಊರಿ, ಕತ್ತು ನೇರ ಮಾಡಿ ನಿಂತುಬಿಟ್ಟರು. ಹತ್ತುವವರು ಹತ್ತಿ ಕೂತ ಹೊರತು ಹೆಜ್ಜೆ ಎತ್ತಬಾರದೆಂಬುದು ಅವರ ಪಾಠ. ಸಾವಿರ ಸಲ ಹಾಗೇ ನಿಂತಿದ್ದಾರೆ. ಅವಳು ಹಗ್ಗ ಜಗ್ಗಿದಳು. ಕದಲಲಿಲ್ಲ. ಒಂದು ಕಿವಿ ಮಾತ್ರ ಅವಳ ಕಡೆ ಹಿಂದಕ್ಕೆ ತಿರುಗಿತು, ಯಾಕೆ ತಡ ಎನ್ನುವ ಹಾಗೆ. ಆಗ ನೋಡುತ್ತಾಳೆ, ಅವಳ ಎಡಗಾಲು ಮೊದಲ ಮೆಟ್ಟಿಲಿನ ಮೇಲಿದೆ. ಅವಳು ಇಟ್ಟದ್ದಲ್ಲ, ಅದಾಗಿಯೇ ಹೋಗಿತ್ತು. ಕೊಲ್ಲಲು ಕರೆದೊಯ್ಯುವ ದಾರಿಯಲ್ಲೂ ಒಂದು ಸಲ ಹತ್ತೋಣವೆಂದು ಹೋದ ಕಾಲು.

ಅವಳು ಆ ಕಾಲನ್ನು ಕೆಳಗಿಳಿಸಲಿಲ್ಲ. ಇನ್ನೊಂದನ್ನೂ ಎತ್ತಿಟ್ಟು, ಮೂರನೆಯ ಮೆಟ್ಟಿಲಿನಲ್ಲಿ ನಿಂತು, ಅಲ್ಲಿಂದಲೇ ಕೂಗಿದಳು. ‘ಡಾಕ್ಟ್ರೇ, ಬೇಡ. ಬನ್ನಿ ಇತ್ಲಾಗೆ. ಬೇಡ.’ ಇಬ್ಬರೂ ತಿರುಗಿ ನಿಂತರು. ‘ಯಜಮಾನ್ರೇ, ಆ ಹೆಣ್ಣುಕುದುರೇನ ಅವರಿಗೇ ಕೊಟ್ಬಿಡಿ.’

‘ಸರಿಯಾಗಿ ಯೋಚ್ನೆ ಮಾಡಿದೀಯೇನಮ್ಮ?’

‘ಕೊಟ್ಬಿಡಿ ಅಂದ್ನಲ್ಲ!’ ಎಂದು ರೇಗಿದಳು, ರೇಗಿದ್ದೇ ಅಳು ಬಂತು. ಮಕ್ಕಳ ಹಾಗೆ ಬಾಯಿಬಿಟ್ಟು ಅತ್ತಳು. ಮೇಷ್ಟ್ರು ಉಳಿದರೆಂದು ಅತ್ತದ್ದಲ್ಲ. ತನ್ನ ಸವಾರಿ ಮುಗಿಯಿತಲ್ಲ ಎಂದು, ಬರೀ ಅದಕ್ಕೇ, ಅಷ್ಟು ಸ್ವಾರ್ಥಕ್ಕೇ ಅತ್ತಳು. ಡಾಕ್ಟರಮ್ಮ ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ಕಾರಿನ ಕಡೆ ಹೋದರು.

ಮೇಷ್ಟ್ರು ಇನ್ನೂ ನಿಂತೇ ಇದ್ದರು. ನಡೀರಿ ಎಂದಳು, ನಡೆಯಲಿಲ್ಲ. ಹೋಗೋಣ ಬನ್ನಿ ಎಂದಳು. ಯಾರೂ ಹತ್ತುವುದಿಲ್ಲ ಎಂಬುದನ್ನು ಅವರಿಗೆ ಯಾವ ಮಾತಿನಲ್ಲಿ ಹೇಳುವುದು? ಮೂಗು ಒರೆಸಿಕೊಂಡು, ಮೆಟ್ಟಿಲಿನಿಂದ ಬಾಗಿ, ತಗ್ಗಿದ ಬೆನ್ನಿನ ಮೇಲೆ ಎರಡೂ ಅಂಗೈ ಊರಿದಳು. ನಡುವೆ, ಆಚೀಚೆ ಆಗದಂತೆ, ಮೆತ್ತಗೆ ಒತ್ತಿದಳು. ಅವಳು ಹತ್ತಿ ಕೂತಳು ಎಂದುಕೊಂಡಿರಬೇಕು, ಮೇಷ್ಟ್ರು ಒಮ್ಮೆ ಮೂಗು ಸೀಟಿ ಹೆಜ್ಜೆ ಎತ್ತಿದರು. ಅವಳು ಮೆಟ್ಟಿಲಿಳಿದು, ಹಗ್ಗ ಸಡಿಲ ಬಿಟ್ಟು, ಅವರು ಹೋದ ಕಡೆಗೆ ಪಕ್ಕದಲ್ಲಿ ನಡೆದಳು.